ಕೂತು ದಾಟಿದ ಸಂಕ

ನಾಲ್ಕನೇ ಕ್ಲಾಸಿನ ಮಳೆಗಾಲ ಪೂರ್ತಿ ನನ್ನ ನೀಲಿ ಲಂಗದ ಹಿಂದೆ ಒಂದು ಹಸಿರು ಕಲೆ ಇತ್ತು. ಅಮ್ಮ ಸೋಪು ಹಾಕಿ ಉಜ್ಜಿದಳು, ಒಗೆಯೋ ಕಲ್ಲಿಗೆ ಬಡಿದಳು, ನಿಂಬೆಹುಳಿ ಹಿಂಡಿ ಬಿಸಿಲು ಬರಲಿ ಅಂತ ಕಾದಳು. ಬಿಸಿಲೆಲ್ಲಿಂದ ಬರಬೇಕು ಜುಲೈನಲ್ಲಿ. ಕಲೆ ಹೋಗಲಿಲ್ಲ. ಅದು ಪಾಚಿಯ ಕಲೆ. ಅಡಿಕೆ ಮರದ ಸಂಕದ ಮೇಲೆ ಕೂತು, ಕುಂಡೆ ಎಳೆಯುತ್ತಾ ಹಳ್ಳ ದಾಟುತ್ತಿದ್ದವಳು ಇಡೀ ಶಾಲೆಯಲ್ಲಿ ನಾನೊಬ್ಬಳೇ.

ಇದು ಈಗ ನೆನಪಾಗಿದ್ದಕ್ಕೆ ಕಾರಣ ನಮ್ಮ ಮನೆತನದ ವಾಟ್ಸಾಪ್ ಗ್ರೂಪು. ಮೊನ್ನೆ ಯಾರೋ ಜಿಲ್ಲಾಧಿಕಾರಿಗಳ ಮಳೆ ರಜೆ ಆದೇಶ ಹಾಕಿದ್ದರು. ಅದರ ಕೆಳಗೆ ನನ್ನ ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ಬರೆದಿದ್ದ: ‘ನಮ್ಮ ಕಾಲದಲ್ಲಿ ಎಂಥಾ ಮಳೆ ಬಂದರೂ ಸಂಕ ದಾಟಿ ಹೋಗ್ತಿದ್ದೆವು. ಈಗಿನ ಮಕ್ಕಳಿಗೆ ಧೈರ್ಯವೇ ಇಲ್ಲ.’ ಹದಿನಾಲ್ಕು ಜನ ಹೆಬ್ಬೆರಳು ಎತ್ತಿದ್ದರು. ನಾನೂ ಅಭ್ಯಾಸಬಲದಲ್ಲಿ ಎತ್ತಿಬಿಟ್ಟೆ. ಆಮೇಲೆ ರಾತ್ರಿ ಪಾತ್ರೆ ತೊಳೆಯುವಾಗ ಸುಮ್ನೆ ತಲೆಯಲ್ಲಿ ಕೊರೆಯೋಕೆ ಶುರುವಾಯ್ತು. ದಾಟಿದ್ದು ಹೌದು. ಹೇಗೆ ದಾಟಿದೆವು ಅಂತ ಅವನು ಬರೆದಿಲ್ಲವಲ್ಲ!

ನಮ್ಮೂರು ಹೊಸನಗರ ತಾಲೂಕಿನಲ್ಲಿ, ಘಟ್ಟದ ಅಂಚಿಗೆ. ಬೆಂಗಳೂರಿನಲ್ಲಿ ವರ್ಷವಿಡೀ ಸುರಿಯೋ ಮಳೆ ಹೆಚ್ಚುಕಡಿಮೆ 970 ಮಿಲಿಮೀಟರು. ನಮ್ಮ ಕಡೆ, ಹುಲಿಕಲ್ಲು ಮಾಸ್ತಿಕಟ್ಟೆ ಆಸುಪಾಸಿನಲ್ಲಿ, ಜುಲೈ ಒಂದೇ ತಿಂಗಳಲ್ಲಿ ಅದರ ದುಪ್ಪಟ್ಟು ಹೊಯ್ಯುವುದು ಹೊಸದೇನಲ್ಲ. ಬೆಂಗಳೂರಿನವರಿಗೆ ಇದನ್ನ ಹೇಳಿದರೆ ‘ವಾವ್, ಎಷ್ಟು ಚೆಂದ’ ಅನ್ನುತ್ತಾರೆ. ಚೆಂದವೇ, ಕಿಟಕಿಯ ಒಳಗೆ ಕೂತವರಿಗೆ. ನಮ್ಮದು ಹಳ್ಳದಾಚೆ ಇದ್ದ ಐದು ಮನೆ. ಶಾಲೆ ಈಚೆ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಏಡಿ ಹಿಡಿಯುತ್ತಾ ಕಲ್ಲಿನಿಂದ ಕಲ್ಲಿಗೆ ಹಾರಿಕೊಂಡು ಹೋಗುತ್ತಿದ್ದೆವು. ಜೂನ್ ಬಂತೆಂದರೆ ಅದೇ ಹಳ್ಳ ಕೆಂಪು ನೀರು ತುಂಬಿಕೊಂಡು, ಕಸ ಕಡ್ಡಿ ಮರದ ದಿಮ್ಮಿ ಎಲ್ಲ ಹೊತ್ತುಕೊಂಡು ಬರುತ್ತಿತ್ತು. ರಸ್ತೆ ಸುತ್ತಿ ಬಂದರೆ ಆರು ಕಿಲೋಮೀಟರು. ಅದಕ್ಕೇ ಸಂಕ.

ಸಂಕ ನೋಡದವರಿಗೆ ಒಂದೆರಡು ಮಾತು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಮನೆಗೊಬ್ಬರಂತೆ ಸೇರುತ್ತಿದ್ದರು. ಒಣಗಿದ್ದೋ ಗಾಳಿಗೆ ಬಿದ್ದಿದ್ದೋ ಎರಡು ಉದ್ದದ ಅಡಿಕೆ ಮರ ತಂದು ಹಳ್ಳಕ್ಕೆ ಅಡ್ಡ ಹಾಕುವುದು, ನಡುವೆ ಒಂದು ಕವೆ ನೆಡುವುದು, ಎರಡೂ ದಡದಲ್ಲಿ ಮರದ ಬೇರಿಗೆ ಕಾಡುಬಳ್ಳಿಯಿಂದ ಬಿಗಿಯುವುದು, ಹಿಡಿದುಕೊಳ್ಳೋಕೆ ಒಂದು ಬದಿಗೆ ಬಿದಿರಿನ ಗಳ ಕಟ್ಟುವುದು. ಅಷ್ಟೇ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುವ ಕೆಲಸ. ಅಡಿಕೆ ಮರದ ಗುಣ ಏನಂದರೆ ಹೊರಗಿನ ಸಿಪ್ಪೆ ಕಬ್ಬಿಣದ ಹಾಗೆ, ಒಳಗೆ ಮೆತ್ತನೆ ತಿರುಳು. ಒಂದು ಮಳೆಗಾಲ ನೀರು ಕುಡಿದರೆ ತಿರುಳು ಪುಡಿಯಾಗುತ್ತದೆ, ಆದರೆ ನೋಡೋಕೆ ಗಟ್ಟಿಯಾಗೇ ಇರುತ್ತದೆ. ಅದಕ್ಕೇ ತಿಳಿದವರು ಕತ್ತಿಯ ಹಿಂಬದಿಯಿಂದ ಕುಟ್ಟಿ ಸದ್ದು ಕೇಳಿ ನೋಡುತ್ತಿದ್ದರು. ಇನ್ನು ಪಾಚಿ. ಮಳೆ ಹಿಡಿದು ಹದಿನೈದು ದಿನಕ್ಕೆಲ್ಲ ಮರದ ಮೇಲೆ ಹಸಿರು ಬೆಣ್ಣೆ ಸವರಿದ ಹಾಗಾಗುತ್ತಿತ್ತು. ದೊಡ್ಡವರು ಕತ್ತಿಯಲ್ಲಿ ಕಚ್ಚು ಹಾಕುತ್ತಿದ್ದರು, ಒಲೆಬೂದಿ ಎರಚುತ್ತಿದ್ದರು. ಎರಡು ದಿನದ ಮಳೆಗೆ ಎಲ್ಲ ಮೊದಲಿನಂತೆ.

ದಾಟುವುದಕ್ಕೂ ಕಾನೂನುಗಳಿದ್ದವು. ಚಪ್ಪಲಿ ಕೈಯಲ್ಲಿ. ಒಬ್ಬರು ಇಳಿದ ಮೇಲೆ ಇನ್ನೊಬ್ಬರು. ಕೊಡೆ ಮಡಚಬೇಕು, ಬೇಕಾದರೆ ನೆನೆಯಬೇಕು. ಎಲ್ಲಕ್ಕಿಂತ ಮುಖ್ಯ, ನೀರು ನೋಡಬಾರದು, ಆಚೆ ದಡದ ಹಲಸಿನ ಮರ ನೋಡಬೇಕು. ಇದು ಅಜ್ಜಿಯ ಮೂಢನಂಬಿಕೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅದರಲ್ಲಿ ವಿಜ್ಞಾನವೇ ಇದೆ. ಹರಿಯೋ ನೀರನ್ನೇ ನೋಡುತ್ತಿದ್ದರೆ ಕಣ್ಣು ನಾವೇ ಸರಿಯುತ್ತಿದ್ದೇವೆ ಅನ್ನುತ್ತದೆ. ಕಿವಿಯೊಳಗಿನ, ಮೈಯ ಸಮತೋಲ ನೋಡಿಕೊಳ್ಳೋ ಭಾಗ ಮಾತ್ರ ‘ಇಲ್ಲ, ನಿಂತಲ್ಲೇ ಇದ್ದೇವೆ’ ಅನ್ನುತ್ತದೆ. ಎರಡಕ್ಕೂ ಜಗಳ. ಆ ಜಗಳಕ್ಕೇ ತಲೆ ಸುತ್ತುವುದು. ಪಕ್ಕದ ರೈಲು ಹೊರಟಾಗ ನಮ್ಮ ರೈಲೇ ಹೊರಟಿತು ಅನ್ನಿಸುತ್ತದಲ್ಲ, ಅದೇ ತರಹ. ರೈಲಿನಲ್ಲಾದರೆ ನಕ್ಕು ಸುಮ್ಮನಾಗಬಹುದು. ಕಾಲಡಿ ಎರಡು ಅಡಿಕೆ ಮರ ಇದ್ದಾಗ ಮೈ ತಾನಾಗೇ ವಾಲುತ್ತದೆ.

ನನ್ನ ತಪ್ಪು ಕೊಡೆ. ಸೋದರಮಾವ ಶಿವಮೊಗ್ಗದಿಂದ ತಂದುಕೊಟ್ಟಿದ್ದ, ಬಟನ್ ಒತ್ತಿದರೆ ಫಟ್ ಅಂತ ಬಿಚ್ಚಿಕೊಳ್ಳುವ ಹೂವಿನ ಕೊಡೆ. ಮಡಚೋಕೆ ಮನಸ್ಸೇ ಬರುತ್ತಿರಲಿಲ್ಲ. ಆರಿದ್ರಾ ಮಳೆ ನಡೆಯುತ್ತಿತ್ತು, ಜೂನ್ ಕೊನೆ. ಸಂಜೆ ಶಾಲೆ ಬಿಟ್ಟು ಬರುವಾಗ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಿದಿರು ಹಿಡಿದು ಸಂಕಕ್ಕೆ ಕಾಲಿಟ್ಟೆ. ನಡುವಿಗೆ ಬಂದಾಗ ಗಾಳಿ ಬೀಸಿ ಕೊಡೆ ಉಲ್ಟಾ ಆಯ್ತು, ಕೈಯಿಂದ ಕಿತ್ತುಕೊಂಡು ಹೋಗಿ ನೀರಿಗೆ ಬಿತ್ತು. ನಾನು ಅದನ್ನೇ ನೋಡಿದೆ. ಹೂವಿನ ಕೊಡೆ ಒಂದು ಸಲ ಮುಳುಗಿತು, ಎದ್ದಿತು, ಬಂಡೆಗೆ ತಾಗಿ ತಿರುಗಿತು, ಆಮೇಲೆ ಕಾಣಲಿಲ್ಲ. ಅಷ್ಟರಲ್ಲಿ ಸಂಕ ಹೊರಟೇಬಿಟ್ಟಿತ್ತು. ಸಂಕ, ಬಿದಿರು, ಆಚೆ ಹಲಸಿನ ಮರ ಎಲ್ಲ ಎಡಗಡೆಗೆ ಓಡುತ್ತಿದ್ದವು.

ಹೇಗೆ ಕೂತೆನೋ ಗೊತ್ತಿಲ್ಲ. ಎರಡು ಕಾಲೂ ಆಚೀಚೆ ಇಳಿಬಿಟ್ಟು ಮರವನ್ನು ತಬ್ಬಿಕೊಂಡಿದ್ದೆ, ಕೆನ್ನೆ ಪಾಚಿಗೆ ಅಂಟಿತ್ತು. ಆಚೆ ದಡದಲ್ಲಿ ಅಣ್ಣ ಮತ್ತವನ ಪಟಾಲಂ ಮೊದಲು ಜೋರಾಗಿ ನಕ್ಕರು. ಅಣ್ಣ ಆಗ ಏಳನೇ ಕ್ಲಾಸು. ಬಿದಿರು ಹಿಡಿಯದೆ ಸಂಕದ ಮೇಲೆ ಓಡುತ್ತಿದ್ದ, ನಡುವೆ ನಿಂತು ಕುಣಿಸುತ್ತಿದ್ದ. ನಕ್ಕು ನಕ್ಕು ಸುಸ್ತಾದ ಮೇಲೆ ‘ಏಳೇ, ಏಳೇ’ ಅಂತ ಕೂಗಿದರು. ನಾನು ಏಳಲಿಲ್ಲ. ಕೊನೆಗೆ ಯಾರೋ ತೋಟಕ್ಕೆ ಓಡಿದರು.

ಅಪ್ಪಯ್ಯ ಕೊಳೆ ಔಷಧಿಗೆ ಮೈಲುತುತ್ತ ಕರಗಿಸುತ್ತಿದ್ದವರು ಹಾಗೇ ಎದ್ದು ಬಂದಿದ್ದರು. ಅಡಿಕೆಗೆ ಬರೋ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ದಿನಗಳು ಅವು. ಮೊಣಕೈವರೆಗೂ ನೀಲಿ. ಬೈಯುತ್ತಾರೆ ಅಂದುಕೊಂಡೆ. ಎತ್ತಿಕೊಳ್ಳೋಕೆ ಬರುತ್ತಾರೆ ಅಂತಲೂ ಅಂದುಕೊಂಡೆ. ಎರಡೂ ಮಾಡಲಿಲ್ಲ. ಪಂಚೆ ಎತ್ತಿ ಕಟ್ಟಿ ಸಂಕದ ಮೇಲೆ ನನ್ನ ಹಾಗೇ ಕೂತರು, ಆಚೀಚೆ ಕಾಲು ಬಿಟ್ಟುಕೊಂಡು. ಕೂತೇ ಮುಂದೆ ಸರಿದು ನನ್ನೆದುರಿಗೆ ಬಂದರು.

‘ನೀರು ನೋಡಬೇಡ. ನನ್ನ ಕೈ ನೋಡು.’

ಎರಡು ನೀಲಿ ಕೈ ಪಾಚಿ ಮರದ ಮೇಲೆ. ಉಗುರಿನ ಸಂದಿಯಲ್ಲಿ ನೀಲಿ, ಹೆಬ್ಬೆರಳಿನ ಹಳೇ ಕತ್ತಿಗಾಯದೊಳಗೂ ನೀಲಿ ಕೂತಿತ್ತು. ಆ ಕೈ ಒಂದು ಗೇಣು ಹಿಂದಕ್ಕೆ ಹೋಗುತ್ತಿತ್ತು, ನಾನು ಒಂದು ಗೇಣು ಮುಂದಕ್ಕೆ. ಅಪ್ಪಯ್ಯ ಹಿಮ್ಮುಖವಾಗಿ, ನಾನು ಮುಮ್ಮುಖವಾಗಿ. ದಡ ಮುಟ್ಟಿದ ಮೇಲೆ ಕೊಡೆ ಎಷ್ಟು ರೂಪಾಯಿದು ಅಂತ ಕೇಳಲಿಲ್ಲ. ‘ಹೋಗು, ಬಚ್ಚಲಲ್ಲಿ ಬಿಸಿನೀರು ಇದೆ’ ಅಂದು ತೋಟಕ್ಕೆ ಹೋದರು. ಆ ವಿಷಯ ಆಮೇಲೆ ಯಾವತ್ತೂ ಅವರ ಬಾಯಲ್ಲಿ ಬರಲಿಲ್ಲ.

ಮಾರನೇ ದಿನದಿಂದ ನನಗೆ ಹೊಟ್ಟೆನೋವು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಬರುತ್ತಿತ್ತು, ಹತ್ತು ಗಂಟೆಗೆ ಹೋಗುತ್ತಿತ್ತು. ಅಜ್ಜಿ ಓಮದ ಕಷಾಯ ಕುಡಿಸಿದರು. ಎಂಟು ದಿನ ಕುಡಿದೆ, ಇವತ್ತಿಗೂ ಓಮದ ವಾಸನೆ ಬಂದರೆ ಬೆನ್ನಿನಲ್ಲಿ ಚಳಿ ಬರುತ್ತದೆ. ಅಮ್ಮನಿಗೆ ಎಲ್ಲ ಗೊತ್ತಿತ್ತು. ಒಂದು ಮಧ್ಯಾಹ್ನ ಕಾಯಿ ತುರಿಯುತ್ತಾ, ನನಗಲ್ಲ, ತುರಿಯುವ ಮಣೆಗೆ ಹೇಳುವ ಹಾಗೆ ಹೇಳಿದಳು: ‘ಮೇಲಿನ ಮನೆ ಹುಡುಗಿಯೂ ಒಂದು ಮಳೆಗಾಲ ಅಂತ ಶಾಲೆ ಬಿಟ್ಟಳು. ಮಳೆ ಮುಗಿದ ಮೇಲೂ ಹೋಗಲಿಲ್ಲ.’ ಆ ಅಕ್ಕ ನನಗೆ ಗೊತ್ತಿದ್ದವಳು. ಅಡಿಕೆ ಸುಲಿಯೋಕೆ ಬರುತ್ತಿದ್ದಳು. ನನ್ನ ಕನ್ನಡ ಪುಸ್ತಕ ತೆಗೆದುಕೊಂಡು ಚಿತ್ರ ಮಾತ್ರ ನೋಡಿ ವಾಪಸ್ ಕೊಡುತ್ತಿದ್ದಳು.

ಮರುದಿನ ಹೊರಟೆ. ಸಂಕದ ಹತ್ತಿರ ಬಂದಾಗ ಮೊಣಕಾಲು ನಡುಗೋಕೆ ಶುರುವಾಯ್ತು. ನಿಂತು ದಾಟೋದು ಸಾಧ್ಯವೇ ಇರಲಿಲ್ಲ, ಅದು ನನಗೆ ಖಂಡಿತ ಗೊತ್ತಿತ್ತು. ಕೂತು ದಾಟಬಹುದು ಅಂತಲೂ ಗೊತ್ತಿತ್ತು. ತೊಂದರೆ ಇದ್ದದ್ದು ನೋಡುವವರದು. ಆರು ಜನ ನಿಂತಿದ್ದರು, ಏನು ಮಾಡ್ತಾಳೆ ನೋಡೋಣ ಅಂತ. ಅವರೆದುರು ಲಂಗ ಎತ್ತಿ ಸಿಕ್ಕಿಸಿಕೊಂಡು, ಚೀಲ ಬೆನ್ನಿಗೆ ಬಿಗಿದು, ಕುದುರೆ ಮೇಲೆ ಕೂತ ಹಾಗೆ ಕೂತೆನಲ್ಲ, ಆ ಕ್ಷಣದಷ್ಟು ಉದ್ದದ ಕ್ಷಣ ಆಮೇಲೆ ಹೆರಿಗೆ ಕೋಣೆಯಲ್ಲೂ ಬಂದಿಲ್ಲ. ನಿಜ, ಜೋಕಲ್ಲ. ನೀರಿನ ಹೆದರಿಕೆ ನಡುವಿಗೆ ಬಂದಾಗ ಇದ್ದದ್ದು. ಇದು ದಡದಲ್ಲೇ ಇತ್ತು, ಒಣ ನೆಲದ ಮೇಲೆ.

ನಲವತ್ತೊಂದು ಸಲ ಕೈ ಊರಬೇಕಿತ್ತು. ಎಣಿಸಿ ಇಟ್ಟುಕೊಂಡಿದ್ದೆ. ಇಪ್ಪತ್ತಕ್ಕೆ ನಡುವಿನ ಕವೆ ಬರುತ್ತಿತ್ತು, ಮೂವತ್ತೈದಕ್ಕೆ ನೀರಿನ ಸದ್ದು ಕಡಿಮೆ ಆಗುತ್ತಿತ್ತು. ಎಣಿಸುತ್ತಿದ್ದರೆ ನೀರಿನ ಕಡೆ ಕಣ್ಣು ಹೋಗುತ್ತಿರಲಿಲ್ಲ. ಹುಡುಗರು ‘ಬಸವನಹುಳ’ ಅಂತ ಹೆಸರಿಟ್ಟರು. ಶಾಲೆಯಲ್ಲಿ ಬೆಂಚಿನಿಂದ ಎದ್ದಾಗಲೆಲ್ಲ ಹಿಂದಿನಿಂದ ಕಿಸಕ್ ಅನ್ನುತ್ತಿತ್ತು. ಅಮ್ಮ ಕೂರೋಕೆ ಒಂದು ಅಡಿಕೆ ಹಾಳೆ ಕೊಟ್ಟಳು, ಕಲೆ ಆಗಬಾರದು ಅಂತ. ಹಾಳೆ ಪಾಚಿಯ ಮೇಲೆ ಸೊಯ್ಯಂತ ಜಾರಿ ನನ್ನನ್ನೇ ಹಳ್ಳಕ್ಕೆ ಕಳಿಸುತ್ತಿತ್ತು. ಎರಡನೇ ದಿನವೇ ಬಿಸಾಕಿದೆ. ಕಲೆಯೇ ವಾಸಿ. ದಿನಕ್ಕೆ ಎರಡು ಸಲ ದಾಟಿದರೆ ಎಂಬತ್ತೆರಡು ಸಲ ಕೈ ಊರುವುದು. ಹಾಗೇ ಪುನರ್ವಸು ಮಳೆ ಕಳೆಯಿತು, ಪುಷ್ಯ ಕಳೆಯಿತು. ಹೆದರಿಕೆ ಹೋಯ್ತಾ ಅಂದರೆ, ಇಲ್ಲ. ಒಂದು ದಿನವೂ ಹೋಗಲಿಲ್ಲ. ಅದೂ ನನ್ನ ಜೊತೆಗೇ ದಿನಾ ಶಾಲೆಗೆ ಬಂದು ಹೋಗುತ್ತಿತ್ತು.

ಆಶ್ಲೇಷ ಮಳೆಯಲ್ಲಿ, ಆಗಸ್ಟ್ ಮೊದಲ ವಾರ, ಒಂದು ದಿನ ಬೆಳಿಗ್ಗೆಯಿಂದ ಕತ್ತಲು. ಎರಡು ಗಂಟೆಗೇ ಮೇಷ್ಟ್ರು ‘ಹಳ್ಳದಾಚೆಯವರು ಹೊರಡಿ’ ಅಂದರು. ಮಳೆ ಜೋರಾದಾಗ ನಮ್ಮ ಶಾಲೆಯಲ್ಲಿ ಕೇಳಿಬರುತ್ತಿದ್ದ ಮಾತು ಇದು. ನಾವು ಏಳು ಜನ ಕಂಬಳಿ ಕೊಪ್ಪೆ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೊರಟೆವು, ಕಾಲಿಗೆ ಹತ್ತಿದ ಉಂಬಳ ಕೀಳೋಕೂ ಪುರುಸೊತ್ತಿಲ್ಲದ ಹಾಗೆ ಓಡಿದೆವು. ಹಳ್ಳದ ಹತ್ತಿರ ಬಂದು ನಿಂತರೆ ಹಿಡಿಯೋ ಬಿದಿರೇ ಇಲ್ಲ. ಕೊಚ್ಚಿಕೊಂಡು ಹೋಗಿತ್ತು. ಕವೆ ಒಂದು ಕಡೆ ವಾಲಿತ್ತು. ಸಂಕಕ್ಕೂ ನೀರಿಗೂ ನಡುವೆ ಒಂದೇ ಗೇಣು. ಸದ್ದು ಎಷ್ಟಿತ್ತೆಂದರೆ ಪಕ್ಕದಲ್ಲಿದ್ದವರು ಮಾತಾಡಿದರೂ ಬಾಯಿ ಮಾತ್ರ ಆಡುತ್ತಿತ್ತು.

ಎಲ್ಲರೂ ಅಣ್ಣನ ಮುಖ ನೋಡಿದೆವು. ಅವನು ಸಂಕ ನೋಡಿದ. ಒಂದು ಕಾಲು ಇಟ್ಟ, ತೆಗೆದ. ಚಪ್ಪಲಿ ಸರಿಯಾಗಿ ಹಿಡಿದುಕೊಳ್ಳೋ ಹಾಗೆ ಮಾಡಿದ. ಇನ್ನೊಮ್ಮೆ ಇಟ್ಟ, ತೆಗೆದ.

ನಾನು ಹೋಗಿ ಕೂತೆ. ಇದರಲ್ಲಿ ವೀರತನ ಏನೂ ಇಲ್ಲ, ನನಗೆ ಗೊತ್ತಿದ್ದದ್ದು ಅದೊಂದೇ ದಾರಿ. ಬಿದಿರು ಇದ್ದರೂ ಇಲ್ಲದಿದ್ದರೂ ನನಗೆ ಅಷ್ಟೇ. ಒಂದು, ಎರಡು, ಮೂರು. ಹದಿನೈದರ ಹೊತ್ತಿಗೆ ಪಾದ ನೀರಿಗೆ ತಾಗಿತು. ನೀರು ಕಾಲನ್ನು ಹಿಡಿದು ಎಳೆಯುತ್ತದೆ ಅಂತ ಕೇಳಿದ್ದೆ, ಅವತ್ತು ಗೊತ್ತಾಯ್ತು. ಕಾಲು ಮಡಚಿ ಮರಕ್ಕೆ ಸುತ್ತಿಕೊಂಡೆ. ಕವೆಯ ಹತ್ತಿರ ಮರ ಒಮ್ಮೆ ಕೆಳಗೆ ಕುಸಿದ ಹಾಗಾಯ್ತು, ಎಣಿಕೆ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದೆ. ದಡಕ್ಕೆ ಬಂದು ಹಲಸಿನ ಬೇರು ಹಿಡಿದು ತಿರುಗಿ ನೋಡಿದರೆ ಅಣ್ಣ ಸಂಕದ ಮೇಲೆ ಕೂತಿದ್ದ. ಚೀಲ ಎದೆಗೆ ಅವುಚಿಕೊಂಡು, ತುಟಿ ಕಚ್ಚಿಕೊಂಡು, ಒಂದೊಂದೇ ಗೇಣು. ಅವನು ಇಳಿದ ಮೇಲೆ ಇನ್ನೊಬ್ಬ. ಆಮೇಲೆ ಇನ್ನೊಬ್ಬ. ಎಲ್ಲರೂ ಕೂತೇ. ಯಾರೂ ನಗಲಿಲ್ಲ. ಗುಡ್ಡ ಹತ್ತುವಾಗ ಯಾರೂ ಮಾತಾಡಲೂ ಇಲ್ಲ. ಅಣ್ಣ ಮುಂದೆ ಹೋಗುತ್ತಿದ್ದ, ನಾನು ಅವನ ಹಿಂದೆ.

ಅವತ್ತು ರಾತ್ರಿಯೇ ಸಂಕ ಹೋಯ್ತು. ಬೆಳಿಗ್ಗೆ ನೋಡಿದರೆ ದಡದಲ್ಲಿ ಬಳ್ಳಿಯ ತುಂಡು ಮಾತ್ರ ನೇತಾಡುತ್ತಿತ್ತು. ಹತ್ತು ದಿನ ನಮಗ್ಯಾರಿಗೂ ಶಾಲೆ ಇರಲಿಲ್ಲ.

ಈ ಕಥೆಯನ್ನು ನಾನು ತುಂಬಾ ಸಲ ಹೇಳಿದ್ದೇನೆ. ಹಾಸ್ಟೆಲಿನಲ್ಲಿ, ಆಫೀಸಿನ ಟೀ ಹೊತ್ತಿನಲ್ಲಿ. ಬೆಂಗಳೂರಿಗೆ ಬಂದ ಹೊಸತರಲ್ಲಿ ಎಸ್ಕಲೇಟರ್ ಮುಂದೆ ನಿಂತು, ಹಿಂದೆ ಜನ ಸೇರಿ ‘ಮೂವ್ ಮೇಡಂ’ ಅಂದಾಗ, ಮೆಟ್ಟಿಲು ಎಲ್ಲಿದೆ ಅಂತ ಮುಲಾಜಿಲ್ಲದೆ ಕೇಳಿ ಮೆಟ್ಟಿಲು ಹತ್ತಿ ಹೋದವಳು ನಾನು. ಆ ಬಸವನಹುಳವೇ ಅದು ಅಂತ ಹೇಳಿಕೊಂಡು ನಗಿಸಿದ್ದೇನೆ. ಕೇಳಿದವರೆಲ್ಲ ‘ಎಷ್ಟು ಧೈರ್ಯ ನಿಂಗೆ’ ಅನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತಿತ್ತು.

2022ರ ಆಗಸ್ಟಿನವರೆಗೆ. ಬೈಂದೂರು ತಾಲೂಕಿನಲ್ಲಿ ಎರಡನೇ ಕ್ಲಾಸಿನ ಒಂದು ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಅದೇ ಆಗಸ್ಟು, ಅದೇ ಮಳೆ, ಘಟ್ಟದ ಕೆಳಗೆ. ಪೇಪರಿನಲ್ಲಿ ಸಂಕದ ಫೋಟೋ ಬಂದಿತ್ತು. ನಾನು ಊಟ ಬಿಟ್ಟು ಎದ್ದೆ. ಆ ಮಗುವಿಗೆ ನನಗಿಂತ ಧೈರ್ಯ ಕಡಿಮೆ ಇತ್ತು ಅಂತ ಯಾರಾದರೂ ಹೇಳೋಕೆ ಆಗುತ್ತದಾ? ಅವತ್ತು ಮರ ಕುಸಿದಾಗ ಪೂರ್ತಿ ಕುಸಿದಿದ್ದರೆ ನನ್ನದೂ ಪೇಪರಿನ ಒಂದು ಮೂಲೆಯ ಸುದ್ದಿ. ನಾವು ಬದುಕಿದೆವು, ಅದಕ್ಕೇ ನಮ್ಮದು ಧೈರ್ಯದ ಕಥೆ ಆಯ್ತು. ಸರಿಯಾಗಿ ನೋಡಿದರೆ ಅವತ್ತು ನಾವು ದಾಟಲೇಬಾರದಿತ್ತು. ಏಳು ಮಕ್ಕಳೂ ತಿರುಗಿ ಶಾಲೆಗೆ ಹೋಗಿ ಮೇಷ್ಟ್ರ ಹತ್ತಿರ ‘ಆಗಲ್ಲ ಸಾರ್’ ಅನ್ನಬೇಕಿತ್ತು. ಅದನ್ನು ಹೇಳೋಕೆ ಬೇಕಾದ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ, ನನಗೂ.

ಮತ್ತೆ ನನಗೆ ಸಿಟ್ಟು ಬರುವುದು ಇಲ್ಲೇ. ಮಲೆನಾಡಿನ ಮಕ್ಕಳು ಗಟ್ಟಿ, ಮಲೆನಾಡಿನ ಹೆಂಗಸರು ಗಟ್ಟಿ ಅಂತ ಹೊಗಳಿ ಹೊಗಳಿಯೇ ಎಷ್ಟು ಸೇತುವೆಗಳು ಮುಂದಿನ ವರ್ಷಕ್ಕೆ ಹೋದವೋ. ಸೇತುವೆ ಆಗದ ಕೆಲಸ ಅಂತೂ ಅಲ್ಲ. ನಾವು ಪಾಚಿ ಸವರಿಕೊಂಡು ಓಡಾಡುವುದಕ್ಕೂ ಮುಂಚೆ, 1989ರಲ್ಲೇ, ಸುಳ್ಯದ ಗಿರೀಶ್ ಭಾರದ್ವಾಜ್ ಅನ್ನುವ ಮೆಕ್ಯಾನಿಕಲ್ ಇಂಜಿನಿಯರ್ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದ್ದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, ಕರ್ನಾಟಕದಲ್ಲಿ, ಕೇರಳದಲ್ಲಿ, ಇನ್ನೂ ಆಚೆ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಉಕ್ಕಿನ ಹಗ್ಗ, ಎರಡು ಕಡೆ ಕಂಬ, ನಡುವೆ ನಡೆಯೋಕೆ ಹಾಸು. ಅಂಥದ್ದೊಂದು ತೂಗುಸೇತುವೆಯ ಮೇಲೆ ನಾನು ಒಮ್ಮೆ ನಡೆದಿದ್ದೇನೆ. ಅದೂ ತೂಗುತ್ತದೆ, ಹೆಸರೇ ಹೇಳುತ್ತದಲ್ಲ. ನನ್ನ ಮುಂದೆ ಇಬ್ಬರು ಯೂನಿಫಾರ್ಮಿನ ಹುಡುಗಿಯರು ಎರಡೂ ಬದಿಯ ಬಲೆಗೆ ಕೈ ಸವರುತ್ತಾ, ಯಾವುದೋ ಪರೀಕ್ಷೆಯ ಬಗ್ಗೆ ಜಗಳ ಆಡುತ್ತಾ ಹೋದರು. ಕೆಳಗೆ ಹೊಳೆ ಇದೆ ಅನ್ನೋದೇ ಅವರ ಗಮನದಲ್ಲಿ ಇರಲಿಲ್ಲ. ನಾನು ನಿಂತು ನೋಡಿದೆ. ಹೊಟ್ಟೆಕಿಚ್ಚಾಯ್ತು ಅಂದರೂ ತಪ್ಪಿಲ್ಲ.

ನಮ್ಮ ಹಳ್ಳಕ್ಕೂ ಈಗ ಮೋರಿ ಆಗಿದೆ, ಕಾರು ಮನೆ ಬಾಗಿಲಿಗೆ ಬರುತ್ತದೆ. ಐದು ಮನೆಯಲ್ಲಿ ಮೂರಕ್ಕೆ ಬೀಗ, ಅದು ಬೇರೆ ಮಾತು. ಹಲಸಿನ ಮರ ಇದೆ. ಹೋದ ಜುಲೈಯಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಮೋರಿಯ ಮೇಲೆ ನಿಂತಿದ್ದೆ. ಅವಳು ನೀರು ನೋಡುತ್ತಾ ‘ಅಮ್ಮಾ, ನಾವೇ ಹೋಗ್ತಾ ಇದ್ದ ಹಾಗೆ ಅನ್ಸತ್ತೆ’ ಅಂತ ಕುಣಿದಳು. ನಾನು ಅವಳ ಅಂಗಿ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಕಟ್ಟೆ ಇತ್ತು, ಆದರೂ.

ಇಷ್ಟು ಬರೆದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅವನ ವಿಷಯ ಬರುತ್ತದಲ್ಲ, ಒಂದು ಮಾತು ಕೇಳಿಬಿಡೋಣ ಅಂತ.

‘ಬರಿ ಮಾರಾಯ್ತಿ, ಅದಕ್ಕೇನು. ಆದ್ರೆ ನಾನು ಕೂತು ದಾಟಿದೆ ಅಂತ ಯಾರು ಹೇಳಿದ್ದು? ಉಳಿದವರೆಲ್ಲ ಕೂತಿದ್ದು ಹೌದು. ನಾನು ನಿಂತೇ ದಾಟಿದ್ದು, ನಂಗೆ ಚೆನ್ನಾಗಿ ನೆನಪಿದೆ.’

ಹಿಂದೆ ಅತ್ತಿಗೆ ನಗುವುದು ಕೇಳಿಸಿತು. ನಾನು ‘ಆಯ್ತಣ್ಣ, ಇರಲಿ’ ಅಂದೆ.

ಗುಡ್ಡ ಹತ್ತುವಾಗ ನಾನು ಅವನ ಹಿಂದೆಯೇ ಇದ್ದೆ. ಖಾಕಿ ಚಡ್ಡಿ. ಹಿಂದೆ ಅಂಗೈಯಗಲ ಹಸಿರು.